ಆಷಾಢದಲ್ಲಿ ಕೇಳಿದ ಇಂಗ್ಲಿಷ್ ಪ್ಲೇಟು

ಇದೆಲ್ಲ ನಡೆದದ್ದು ಹೋದ ವರ್ಷದ ಆಷಾಢದಲ್ಲಿ. ಮುಗಿದದ್ದು ಶ್ರಾವಣದ ಮೊದಲ ಭಾನುವಾರ.

ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವನು. ಓದಿದ್ದು ಬಿಎಸ್ಸಿ, ಭೌತಶಾಸ್ತ್ರ. ಇಂಥ ಕೆಲಸದಲ್ಲಿರುವವನನ್ನು ಜನ ಸುಮ್ಮನೆ ಬಿಡುವುದಿಲ್ಲ. ಕಲ್ಲಂಗಡಿ ಕೈಗೆ ಕೊಟ್ಟು ತಟ್ಟಿ ನೋಡು ಅನ್ನುತ್ತಾರೆ. ತಕ್ಕಡಿ ತಂದು ಸರಿಯಿದೆಯಾ ಅನ್ನುತ್ತಾರೆ. ಒಮ್ಮೆ ನಮ್ಮ ಬೀದಿಯ ಹಿರಿಯರೊಬ್ಬರು ಹಲ್ಲುಸೆಟ್ಟನ್ನು ಬಾಯಿಂದ ತೆಗೆದು ಕೊಟ್ಟು, ಎಡಗಡೆ ಎತ್ತರ ಜಾಸ್ತಿ ಐತೆ, ಅಳೆದು ಬರೆದುಕೊಡು, ಡಾಕ್ಟರಿಗೆ ತೋರಿಸಬೇಕು ಅಂದರು. ತೊಳೆದು, ಅಳೆದು, ಬರೆದುಕೊಟ್ಟೆ.

ಆದರೆ ಹಾಡು ಕೊಟ್ಟು, ಇದರಲ್ಲಿ ಏನು ಕೆಟ್ಟಿದೆ ಹೇಳು, ಆಮೇಲೆ ಹುಡುಗಿ ಕೊಡುವ ಮಾತು ಅಂದವರು ಒಬ್ಬರೇ.

೧. ಪ್ರಶ್ನೆಪತ್ರಿಕೆ

ಹುಡುಗಿ ನಮ್ಮ ವಿಭಾಗದವಳೇ. ನನ್ನ ಎದುರಿನ ಮೇಜು. ನಾವಿಬ್ಬರೂ ಒಪ್ಪಿಕೊಂಡು ಒಂದು ವರ್ಷ ಆಗಿತ್ತು. ಜಾತಕ ಕೂಡಿತ್ತು. ನಮ್ಮ ಮನೆಯಲ್ಲಿ ಎಲ್ಲರೂ ಹೂಂ ಅಂದಿದ್ದರು. ಉಳಿದದ್ದು ಅವಳ ಅಪ್ಪ ಒಬ್ಬರು.

ಆಷಾಢ ಹಿಡಿಯಲು ನಾಲ್ಕು ದಿನ ಇರುವಾಗ ನನ್ನ ಸೋದರಮಾವನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಮಾವನಿಗೆ ಕೆಲಮಂಗಲದಲ್ಲಿ ಬೀಜ-ಗೊಬ್ಬರದ ಅಂಗಡಿ. ನಮ್ಮ ಮನೆಯ ಮಾತುಕತೆಗೆಲ್ಲ ಮುಂದೆ ನಿಲ್ಲುವವರು ಅವರೇ. ಹುಡುಗಿಯ ಊರು ಡೆಂಕಣಿಕೋಟೆಯಿಂದ ತಳಿಗೆ ಹೋಗುವ ದಾರಿಯಲ್ಲಿದೆ.

ಅವಳ ಅಪ್ಪ ಬೇರೊಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತೆರಡು ವರ್ಷ ಲೇತ್ ನಡೆಸಿ ನಿವೃತ್ತರಾದವರು. ಈಗ ರಾಗಿ, ಹುರುಳಿಕಾಯಿ ಬೆಳೆಯುತ್ತಾರೆ. ಹುರುಳಿಕಾಯಿಯ ಸಾಲುಗಳ ಅಂತರವನ್ನು ಉಕ್ಕಿನ ಸ್ಕೇಲು ಹಿಡಿದು ಅಳೆಯುತ್ತಾರೆ ಎಂದು ಹುಡುಗಿ ಮೊದಲೇ ಹೇಳಿದ್ದಳು. ನಾನು ತಮಾಷೆ ಅಂದುಕೊಂಡಿದ್ದೆ. ಹೊಲದ ಬದುವಿನ ಗೂಟಕ್ಕೆ ಸ್ಕೇಲು ನೇತುಹಾಕಿತ್ತು.

ಜಗಲಿಯ ಮೇಲೆ ಒಂದು ರೆಕಾರ್ಡ್ ಪ್ಲೇಯರ್. ಹಿಂದೆ ಕಾರ್ಖಾನೆಗೆ ಮೆಷಿನ್ ಕೂರಿಸಲು ಬಂದಿದ್ದ ಹೊರದೇಶದ ಎಂಜಿನಿಯರ್ ಒಬ್ಬ ವಾಪಸು ಹೋಗುವಾಗ ಇವರಿಗೆ ಕೊಟ್ಟು ಹೋದದ್ದು. ಜೊತೆಗೆ ಒಂದೇ ಒಂದು ಪ್ಲೇಟು. ಗಿಟಾರು, ಡ್ರಮ್ಮು, ಕಿರುಚಾಟ. ಇಂಗ್ಲಿಷಿನ ರಾಕ್ ಹಾಡುಗಳು. ರಟ್ಟಿನ ಹೊದಿಕೆಯ ಮೇಲೆ ಮುರಿದ ಏಣಿಯ ಚಿತ್ರ. ಮೂವತ್ತು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಅದು ಆ ಜಗಲಿಯಿಂದ ಊರಿಗೆಲ್ಲ ಕೇಳುತ್ತದೆ. ಊರಲ್ಲಿ ಯಾರಿಗೂ ಒಂದು ಪದದ ಅರ್ಥ ಗೊತ್ತಿಲ್ಲ. ಎಲ್ಲರಿಗೂ ಬಾಯಿಪಾಠ.

ಅದೇ ಪ್ಲೇಟನ್ನು ಈಗ ರೀಮಾಸ್ಟರ್ ಮಾಡಿ ಬಿಟ್ಟಿದ್ದರು. ಅಂದರೆ ಮೂಲ ಟೇಪನ್ನು ಹೊರತೆಗೆದು, ಗರಗರ ಎಲ್ಲ ತೊಳೆದು, ಹೊಸದಾಗಿ ಹೊರಡಿಸುವುದು. ಹುಡುಗಿ ಅದನ್ನು ಫೋನಿಗೆ ಇಳಿಸಿಕೊಂಡು ಅಪ್ಪನ ಹುಟ್ಟುಹಬ್ಬದ ದಿನ ಹಾಕಿದಳು. ಅಪ್ಪ ಅರ್ಧ ಹಾಡು ಕೇಳಿ ಎದ್ದು ಹೊಲಕ್ಕೆ ಹೋದರು. ಎರಡು ದಿನ ಮನೆಯಲ್ಲಿ ಯಾರ ಜೊತೆಗೂ ಮಾತಿಲ್ಲ.

ಕಾಫಿ ಆಯಿತು. ಅವರು ನನ್ನ ಕಡೆ ತಿರುಗಿದರು.

"ನೀನು ಕ್ವಾಲಿಟಿನಾ?"

"ಹೌದು ಸಾರ್."

"ಇದು ಹಳೇದು. ಮಗಳ ಫೋನಲ್ಲಿರೋದು ಹೊಸ್ದು. ಹೊಸ್ದ್ರಾಗೆ ಏನೋ ಕೆಡ್ಸವ್ರೆ. ಏನು ಅಂತ ನಂಗೆ ಕೈಗೆ ಸಿಕ್ತಿಲ್ಲ. ಆಷಾಢದಾಗೆ ಹೆಂಗೂ ಮದ್ವೆ ಮಾತು ಆಡಂಗಿಲ್ಲ. ಕೇಳು, ನೋಡು, ಬಂದು ಹೇಳು."

"ಹೇಳಿದ್ಮೇಲೆ?" ಎಂದರು ಮಾವ.

"ಹೇಳಿದ್ಮೇಲೆ ಮಾತು."

ಆಮೇಲೆ ಪ್ಲೇಯರಿನ ಮುಚ್ಚಳ ತೆಗೆದು ಒಳಗೆ ತೋರಿಸಿದರು. ಮೋಟಾರಿನ ತಲೆಯ ಮೇಲೆ ಹಿತ್ತಾಳೆಯ ಪುಟ್ಟ ಪುಲ್ಲಿ. ಅದರಿಂದ ಒಂದು ಬೆಲ್ಟು ಹೋಗಿ ಪ್ಲೇಟು ಕೂರುವ ತಟ್ಟೆಯನ್ನು ತಿರುಗಿಸುತ್ತದೆ.

"ಇಲ್ಲಿದ್ದ ಪ್ಲಾಸ್ಟಿಕ್ ಪುಲ್ಲಿ ಬಂದ್ ವರ್ಸಕ್ಕೇ ಸೀಳೋಯ್ತು. ಇದು ನಾನೇ ಲೇತ್ನಾಗೆ ಮಾಡಿದ್ದು. ಒಂದು ಮೈಕ್ರಾನು ಆಚೀಚೆ ಇಲ್ಲ."

ಬಗ್ಗಿ ನೋಡಿದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಗೇಟಿನ ಹತ್ತಿರ ಹುಡುಗಿ ಮೆಲ್ಲಗೆ ಹೇಳಿದಳು, ಹಿಂದೆ ಇಬ್ಬರು ಬಂದು ಹೋಗಿದ್ದಾರೆ ಎಂದು. ಮೊದಲನೆಯವನು ಅಪ್ಪ ನೋಡಲು ಕೊಟ್ಟ ಅಳತೆಯ ವರ್ನಿಯರಿನಲ್ಲಿ ಬೆನ್ನು ಕೆರೆದುಕೊಂಡ. ಎರಡನೆಯವನು ಹೋದ ತಿಂಗಳು ಬಂದವನು. ಹಳೆಯದು, ಹೊಸದು ಎರಡನ್ನೂ ಕೇಳಿ, ಎರಡೂ ಚೆನ್ನಾಗಿದೆ ಅಂದ.

"ಎರಡೂ ಚೆನ್ನಾಗಿದೆ ಅಂದ್ರೆ ತಪ್ಪೇನು?"

"ಬೆನ್ನು ಕೆರ್ಕೊಂಡೋನಿಗಾದ್ರೂ ತುರಿಕೆ ಎಲ್ಲೈತೆ ಅಂತ ಗೊತ್ತಿತ್ತು ಅಂದ್ರು ಅಪ್ಪ."

೨. ಮೂಗು

ನಾನು ಕ್ರಮವಾಗಿ ಶುರುಮಾಡಿದೆ. ಹಳೆಯ ಪ್ಲೇಟಿನ ಎರಡನೇ ಹಾಡನ್ನು ಅವರ ಜಗಲಿಯಲ್ಲೇ ಫೋನಿನಲ್ಲಿ ಹಿಡಿದುಕೊಂಡು ಬಂದಿದ್ದೆ. ಅದು ಎ. ಹೊಸದರ ಎರಡನೇ ಹಾಡು ಬಿ. ಯಾವುದು ಯಾವುದೆಂದು ಕೇಳುವವರಿಗೆ ಹೇಳುವುದಿಲ್ಲ.

ಮೊದಲು ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ಗದ್ದಲ: ಬಿ ಕಡಿಮೆ. ಸ್ಪಷ್ಟತೆ: ಬಿ ಹೆಚ್ಚು. ಡ್ರಮ್ಮಿನ ಪೆಟ್ಟು: ಬಿ ಗಟ್ಟಿ. ಎಲ್ಲದರಲ್ಲೂ ಬಿ ಮೇಲು. ಕೆಟ್ಟದ್ದು ಏನೂ ಸಿಗಲಿಲ್ಲ. ಒಂದನ್ನು ಮಾತ್ರ ನಾನು ಅಳೆಯಲಿಲ್ಲ. ಅದು ಆಮೇಲೆ ಬರುತ್ತದೆ.

ಸರಿ, ಕಿವಿಗಳನ್ನೇ ಕೇಳೋಣ ಎಂದು ನಮ್ಮ ತಪಾಸಣೆಯ ಫಾರಮ್ಮಿನಲ್ಲೇ ಒಂದು ನಮೂನೆ ಮಾಡಿದೆ. ಕ್ರಮ ಸಂಖ್ಯೆ, ಎ ಅಥವಾ ಬಿ, ಕಂಡ ದೋಷ, ಸಹಿ. ಊಟದ ಬಿಡುವಿನಲ್ಲಿ ವಿಭಾಗದವರಿಗೆ ಕೇಳಿಸಿದೆ. ಎಂಟು ಜನ. ಎಂಟಕ್ಕೆ ಎಂಟೂ ಎ. ಒಬ್ಬ ಬಿ ಕೇಳುತ್ತಾ ಆಕಳಿಸಿದ.

ಎಂಟನೆಯವರಾಗಿ ನಮ್ಮ ವಿಭಾಗದ ಹಿರಿಯರು ಕೇಳಿದರು. ತಮಿಳಿನವರು, ನಮ್ಮ ಜೊತೆ ಮೂರೂ ಭಾಷೆ ಕಲೆಸಿ ಮಾತಾಡುವವರು. ಕಣ್ಣು ಮುಚ್ಚಿ ಕೇಳಿ, "ತಂಬಿ, ಎ ಓಕೆ. ಬಿ ಹಾಡೋನಿಗೆ ಮೂಗು ಕಟ್ಟೈತೆ" ಅಂದರು. ನಾನು ದೋಷದ ಜಾಗದಲ್ಲಿ "ಮೂಗು ಕಟ್ಟಿದೆ" ಎಂದು ಬರೆದೆ. ಅವರು ಸಹಿ ಮಾಡಿ, ಅಭ್ಯಾಸಬಲದಿಂದ ಕೆಳಗೆ, ವಾಪಸು ಕಳಿಸಿ ಸರಿಮಾಡಿಸಿ ಎನ್ನುವ ರೀವರ್ಕ್ ಸೀಲನ್ನೂ ಒತ್ತಿದರು.

ತಪ್ಪು ನಡೆದದ್ದು ಅಲ್ಲಿ. ಸೀಲು ಬಿದ್ದ ಕಾಗದ ಯಾವುದಾದರೂ ಸಂಜೆ ಫೈಲಿಗೆ ಹೋಗುತ್ತದೆ. ಇದೂ ಹೋಯಿತು. ಮಾರನೇ ದಿನ ವಾರದ ಮೀಟಿಂಗು. ಮ್ಯಾನೇಜರ್ ಒಂದೊಂದೇ ಕಾಗದ ತಿರುವಿಹಾಕುತ್ತಾ ಬಂದು ಒಂದರ ಹತ್ತಿರ ನಿಂತರು. ನನಗೆ ಕಾಗದದ ಮೂಲೆ ಕಂಡಿತು. ಎದುರಿನ ಮೇಜಿನವಳು ಕಿಟಕಿಯ ಕಡೆ ನೋಡಿದಳು.

"ಎಂಟು ನೋಡಿದೀರ, ಎಂಟೂ ರಿಜೆಕ್ಟ್. ಯಾವ ಪಾರ್ಟು ಇದು? ಸಪ್ಲೈಯರಿಗೆ ಮೇಲ್ ಹೋಗಿದೆಯಾ?"

ನಮ್ಮ ಹಿರಿಯರು ರೆಪ್ಪೆ ಅಲುಗಿಸದೆ ಹೇಳಿದರು:

"ಹೋಗಿದೆ ಸಾರ್. ಡಾಕ್ಟರಿಗೆ ತೋರಿಸ್ತೀವಿ ಅಂದಿದಾರೆ."

೩. ಜೀಪು

ಕಾರ್ಖಾನೆಯ ಕಿವಿ ಬೇರೆ, ಊರಿನ ಕಿವಿ ಬೇರೆ ಇರಬಹುದು. ಡೆಂಕಣಿಕೋಟೆಯಿಂದ ತಳಿಗೆ ಹೋಗುವ ಬಾಡಿಗೆ ಜೀಪಿನಲ್ಲಿ ಒಂದು ಪ್ರಯೋಗ ಮಾಡಿದೆ. ಡ್ರೈವರಿಗೆ ಪೆನ್ ಡ್ರೈವ್ ಕೊಟ್ಟೆ. ಒಂದು ಭಾನುವಾರ ದಾರಿಯುದ್ದಕ್ಕೂ ಎ, ಮತ್ತೆ ಮತ್ತೆ. ಮುಂದಿನ ಭಾನುವಾರ ಬಿ. ಅದೇ ಜೀಪು, ಅದೇ ಹೊತ್ತು, ಹತ್ತಿರಹತ್ತಿರ ಅಷ್ಟೇ ಭಾರ. ಮೊದಲ ವಾರ ಎಲ್ಲರೂ ಸುಮ್ಮನೆ ತಲೆ ಆಡಿಸಿಕೊಂಡು ತಳಿಯಲ್ಲಿ ಇಳಿದರು.

ಎರಡನೇ ವಾರ ಅರ್ಧ ದಾರಿಗೇ ಗಲಾಟೆ. ಎಲ್ಲರಿಗೂ ಸಂತೆಯ ಅವಸರ.

"ಏನ್ಲಾ ಇದು, ಎತ್ತಿನ ಗಾಡಿ ಹೊಡ್ದಂಗೆ ಹೊಡೀತಿದ್ದೀಯಾ?"

"ನಾನೇನ್ ಮಾಡ್ಲಣ್ಣಾ. ಈ ಹಾಡು ಹಾಕಿದ್ರೆ ಕಾಲು ತಾನಾಗೇ ಮೇಲಕ್ಕೆ ಬತ್ತದೆ."

"ಹಂಗಾದ್ರೆ ಹಾಡು ಕಿತ್ತಾಕ್ಲಾ!"

"ಕಿತ್ತಾಕಂಗಿಲ್ಲ. ಆ ಹುಡುಗನ ಮದ್ವೆ ಐತೆ ಅದ್ರಾಗೆ."

ಎಲ್ಲರೂ ನನ್ನ ಕಡೆ ತಿರುಗಿದರು. ಹೂಕೋಸಿನ ಮೂಟೆ ಇಟ್ಟುಕೊಂಡಿದ್ದವರೊಬ್ಬರು, ಎಲ್ಲಿಯ ಮದುವೆ, ಯಾರ ಮಗಳು ಎಂದು ಕೇಳತೊಡಗಿದರು. ಆಷಾಢದಲ್ಲಿ ಆಡಬಾರದ ಮಾತು ಓಡುವ ಜೀಪಿನಲ್ಲಿ ಹನ್ನೊಂದು ಜನರ ನಡುವೆ ಬಿದ್ದಿತ್ತು. ಅವರಲ್ಲಿ ಇಬ್ಬರು ಹುಡುಗಿಯ ಊರಿನವರು. ನಾನು ಬೇಗ, ಫೈಲಿನಿಂದ ಬಿಡಿಸಿ ತಂದಿದ್ದ ಫಾರಂ ತೆಗೆದು, ಪಕ್ಕದಲ್ಲಿ ಕೊತ್ತಂಬರಿ ಕಟ್ಟು ತಬ್ಬಿಕೊಂಡು ಕೂತಿದ್ದ ಅಜ್ಜಿಯನ್ನು ಕೇಳಿದೆ. ಅವರು ಎರಡು ವಾರವೂ ಅದೇ ಜಾಗದಲ್ಲಿ ಕೂತಿದ್ದರು.

"ಅಜ್ಜೀ, ಹೋದ್ವಾರದ್ದಕ್ಕೂ ಇವತ್ತಿನದಕ್ಕೂ ಏನಾದ್ರೂ ವ್ಯತ್ಯಾಸ ಅನ್ನಿಸ್ತಾ?"

"ಹೋದ್ವಾರ ಅವ್ನು ಜಗಳ ಆಡ್ತಿದ್ದ. ಈ ವಾರ ಜಗಳ ಆಡಿ ಆಡಿ ಸಾಕಾಗಿ ಕುಂತವ್ನೆ."

ಆಷಾಢದಲ್ಲಿ ಸಿಕ್ಕ ಅತ್ಯಂತ ನಿಖರವಾದ ಅಭಿಪ್ರಾಯ ಅದು. ನನಗೆ ಆಗ ಗೊತ್ತಾಗಲಿಲ್ಲ. ಬರೆದುಕೊಂಡೆ. ಅಜ್ಜಿ ಬರೆಯುವುದನ್ನೇ ನೋಡುತ್ತಿದ್ದರು.

"ಇಂಗೆ ಎಲ್ರನ್ನೂ ಕೇಳ್ಕಂಡು ಬರ್ಕಂಡ್ರೆ ಮದ್ವೆ ಆಯ್ತದಾ?"

"ನೋಡಬೇಕು ಅಜ್ಜೀ."

"ಆಗಾಕಿಲ್ಲ."

೪. ಅನ್ನ

ಆಷಾಢದ ಕೊನೆಯ ಭಾನುವಾರ. ಫಾರಮ್ಮಿನಲ್ಲಿ ಜೀಪಿನ ಹನ್ನೊಂದು ಜನರದೂ ಸೇರಿ ಹತ್ತೊಂಬತ್ತು ಸಹಿ, ಎಲ್ಲ ಎ. ಕಾರಣ ಮಾತ್ರ ಒಂದೂ ಇಲ್ಲ. ಪೂರ್ತಿ ಪ್ಲೇಟನ್ನು ಇನ್ನೊಮ್ಮೆ ಕೇಳಬೇಕು ಎಂದು ಹೇಳಿ ಹುಡುಗಿಯ ಮನೆಗೆ ಹೋದೆ. ಅವಳು ಇರಲಿಲ್ಲ, ಷಿಫ್ಟಿಗೆ ಹೋಗಿದ್ದಳು. ಅಪ್ಪ ಹೊಲದಲ್ಲಿ ನೀರು ಕಟ್ಟುತ್ತಿದ್ದರು. ಅಲ್ಲಿಂದಲೇ ಕೈ ಎತ್ತಿ, ಹಾಕ್ಕೊಂಡು ಕೇಳು ಎಂದು ಸನ್ನೆ ಮಾಡಿದರು.

ಮುಳ್ಳನ್ನು ಪ್ಲೇಟಿನ ಮೇಲೆ ಇಟ್ಟೆ. ಹಾಡು ಶುರುವಾಯಿತು. ಅಡುಗೆಮನೆಯಲ್ಲಿ ಅವಳ ಅಮ್ಮ ಪಾತ್ರೆಗೆ ಅಕ್ಕಿ ಸುರಿದ ಸದ್ದು.

ಮೊದಲ ಮಗ್ಗುಲು ಮುಗಿದು ಮುಳ್ಳು ಟಕ್ ಟಕ್ ಅನ್ನತೊಡಗಿತು. ಅದೇ ಗಳಿಗೆಗೆ ಅವರು ಪಾತ್ರೆ ಇಳಿಸಿದರು. ನಾನು ಸುಮ್ಮನೆ ಕೇಳಿದೆ:

"ಅಮ್ಮಾ, ಹಾಡಿಗೂ ಅನ್ನಕ್ಕೂ ಲೆಕ್ಕ ಇದೆಯಾ?"

"ಇಲ್ದೆ? ಬಾಕಿ ದಿವ್ಸ ಮುದ್ದೆ, ಭಾನ್ವಾರ ಅನ್ನ. ಅವ್ನು ಬಾಯಿ ತೆಗೆದಾಗ ಅಕ್ಕಿ ಹಾಕೋದು, ಬಾಯಿ ಮುಚ್ಚಿದಾಗ ಇಳ್ಸೋದು. ಮೂವತ್ತು ವರ್ಸದಿಂದ ಒಂದಿನ ತಪ್ಪಿಲ್ಲ. ಇವಳು ಫೋನಲ್ಲಿ ಹೊಸ್ದು ಹಾಕಿದ್ಲಲ್ಲ, ಅವತ್ತು ತಳ ಹಿಡೀತು ಕಣಪ್ಪಾ. ಅದಕ್ಕೇ ನಂಗೂ ಅದು ಬ್ಯಾಡ."

ನಾನು ಎದ್ದು ನಿಂತೆ. ಕೂತೆ. ಮತ್ತೆ ಮುಳ್ಳನ್ನು ಮೊದಲಿಗೆ ಇಟ್ಟು ಗಡಿಯಾರ ಹಿಡಿದೆ. ಮೊದಲ ಮಗ್ಗುಲು ಸರಿಯಾಗಿ ಇಪ್ಪತ್ತು ನಿಮಿಷ. ಫೋನಿನಲ್ಲಿ ಹೊಸದರ ಅದೇ ಹಾಡುಗಳನ್ನು ಕೂಡಿಸಿದೆ. ಇಪ್ಪತ್ತೊಂದು ನಿಮಿಷ ಮೂವತ್ತಾರು ಸೆಕೆಂಡು.

ನಾನು ಅಳೆಯದೆ ಬಿಟ್ಟದ್ದು ಇದನ್ನೇ. ಎರಡೂ ಒಂದೇ ಹಾಡು ತಾನೆ, ಉದ್ದ ಯಾಕೆ ನೋಡಬೇಕು ಎಂದುಕೊಂಡಿದ್ದೆ.

ಹೊಸದರಲ್ಲಿ ಏನೂ ಕೆಟ್ಟಿರಲಿಲ್ಲ. ಈ ಪ್ಲೇಟು ನಿಮಿಷಕ್ಕೆ ಮೂವತ್ತಮೂರೂ ಕಾಲು ಚಿಲ್ಲರೆ ಸುತ್ತು ತಿರುಗಬೇಕು. ಅವರ ಮನೆಯದು ನೂರಕ್ಕೆ ಎಂಟರಷ್ಟು ಜೋರಾಗಿ ತಿರುಗುತ್ತಿದೆ. ಅದಕ್ಕೇ ಹಾಡುವವನ ದನಿ ಚೂಪು, ಜಗಳ ಬಿರುಸು, ಜೀಪು ಜೋರು. ಮೂವತ್ತು ವರ್ಷದಿಂದ ಆ ಊರು ಆ ಹಾಡನ್ನು ಓಡಿಸಿಕೊಂಡು ಕೇಳಿದೆ. ಕಾರಣ ಬೇರೆ ಇರಲು ಸಾಧ್ಯವಿಲ್ಲ. ಪುಲ್ಲಿ ದಪ್ಪವಾದಷ್ಟೂ ತಟ್ಟೆ ಜೋರು; ಈ ಪುಲ್ಲಿ ದಪ್ಪ ಇದೆ.

ಮುಚ್ಚಳ ತೆಗೆದು ನೋಡಿದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಸಿಕ್ತೇನಪ್ಪಾ?"

ಹಿಂದೆ ಅವಳ ಅಪ್ಪ. ಕೈಯಲ್ಲಿ ಗುದ್ದಲಿ.

"ಇನ್ನೂ... ನೋಡ್ತಿದೀನಿ ಸಾರ್."

"ಯಾಕೆ ಮುಖ ಹಂಗೈತೆ?"

ಒಳಗಿಂದ ಅವಳ ಅಮ್ಮ ಹೇಳಿದರು: "ಹಸಿವು ಕಣ್ರೀ. ಬನ್ನಿ ಇಬ್ರೂ. ಅನ್ನ ಸರಿಯಾದ ಟೈಮಿಗೆ ಆಗೈತೆ."

೫. ಗಡುವು

ಮಾವನಿಗೆ ಹೇಳಿದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಎಲ್ಲರನ್ನೂ ಕಳಿಸಿ, ಗಲ್ಲಾಪೆಟ್ಟಿಗೆಯ ಹಿಂದೆ ಕೂರಿಸಿಕೊಂಡು ಕೇಳಿದರು.

"ಅಂದ್ರೆ ತಪ್ಪು ಅವ್ರ ಪುಲ್ಲೀದು."

"ಹೌದು ಮಾವ."

"ಅವ್ರು ಕೈಯಾರೆ ಮಾಡಿದ್ದು."

"ಹೌದು."

"ಒಂದು ಮೈಕ್ರಾನು ಆಚೀಚೆ ಇಲ್ಲ ಅಂದ್ರಲ್ಲ, ಅದು."

"ಅದೇ."

"ಹಳೇದೇ ಚೆಂದ, ಹೊಸ್ದ್ರಾಗೆ ಜೀವ ಇಲ್ಲ ಅನ್ಬುಟ್ಟು ತಾಂಬೂಲ ತಕ್ಕಳ್ಳಾ. ನಾನು ಬೀಜ ಮಾರ್ತೀನಿ. ಮೊಳಕೆ ಬರ್ದಿದ್ರೆ ಮಳೆ ಸರಿಯಾಗಿಲ್ಲ ಅಂತೀನಿ. ಬೀಜ ಸರಿಯಾಗಿಲ್ಲ ಅಂತ ಯಾವತ್ತಾದ್ರೂ ಅಂದಿದೀನಾ?"

ಹುಡುಗಿಗೆ ಊಟದ ಬಿಡುವಿನಲ್ಲಿ ಹೇಳಿದೆ. ಅವಳು ಡಬ್ಬಿಯ ಮುಚ್ಚಳ ಹಾಕಿಬಿಟ್ಟಳು.

"ಸುಳ್ಳು ಹೇಳಿದ್ರೆ ಅಪ್ಪ ಕಂಡುಹಿಡೀತಾರೆ. ನಿಜ ಹೇಳಿದ್ರೆ ಎದ್ದು ಹೊಲಕ್ಕೆ ಹೋಗ್ತಾರೆ. ಹೋದ್ರೆ ಎರಡು ದಿನಕ್ಕೆಲ್ಲ ವಾಪಸ್ ಬರಲ್ಲ ಈ ಸಲ."

"ಮೂರನೇ ದಾರಿ ಇಲ್ವಾ?"

"ಎರಡೂ ಚೆನ್ನಾಗಿದೆ ಅನ್ನೋದು ಇತ್ತು. ಅದನ್ನ ಇನ್ನೊಬ್ಬ ಖರ್ಚು ಮಾಡ್ಬಿಟ್ಟ."

ಆಗ ನಮ್ಮ ವಿಭಾಗದ ಹಿರಿಯರು ಒಂದು ಮಾತು ಹೇಳಿದರು. ಅವರ ಕಡೆ ತಮಿಳಿನ ಆಡಿ ತಿಂಗಳಲ್ಲೂ ಮದುವೆಯ ಮಾತು ಎತ್ತುವುದಿಲ್ಲ. ಆಡಿ ಮುಗಿಯುವುದು ನಮ್ಮ ಆಷಾಢ ಕಳೆದು ಇನ್ನೂ ಕೆಲವು ದಿನಕ್ಕೆ. ಹೊಸೂರಿನ ಸೀಮೆಯಲ್ಲಿ ಮೂರು ಭಾಷೆ ಇರುವುದರ ಲಾಭ ನನಗೆ ಅವತ್ತು ತಿಳಿಯಿತು. ಆಡಿಯೂ ಕಳೆಯಲಿ, ಹಿರಿಯರು ಹೇಳುತ್ತಿದ್ದಾರೆ ಎಂದು ಹುಡುಗಿಯ ಕೈಯಲ್ಲಿ ಮನೆಗೆ ಹೇಳಿಕಳಿಸಿದೆ.

ಅಪ್ಪನ ಉತ್ತರ: ನಮಗೆ ಆಷಾಢದ ಲೆಕ್ಕ, ಭಾನುವಾರ ಬರಲಿ.

ಅಮ್ಮನ ಉತ್ತರ: "ಆಷಾಢ ಬಿರ್ರನೆ ಕಳೀಲಿ ಅನ್ನೋ ಗಂಡುಗಳ್ನ ನೋಡಿದೀನಿ. ಇನ್ನೊಂದು ಆಷಾಢ ಹುಡುಕ್ಕೊಂಡು ಬರೋ ಗಂಡು ಇವ್ನೇ ಮೊದ್ಲು."

೬. ಎಣಿಕೆ

ಶ್ರಾವಣದ ಮೊದಲ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಜಗಲಿಯ ಮೇಲೆ ಚಾಪೆ. ಮಾವ ತಟ್ಟೆಯಲ್ಲಿ ಹಣ್ಣು, ಎಲೆಅಡಿಕೆ ಇಟ್ಟುಕೊಂಡು ಕೂತಿದ್ದರು. ದಾರಿಯುದ್ದಕ್ಕೂ ನನ್ನ ಕೈಯಲ್ಲಿ "ಹಳೇದೇ ಚೆಂದ" ಎಂದು ಹೇಳಿಸಿ ಹೇಳಿಸಿ ರೂಢಿ ಮಾಡಿಸಿದ್ದರು. ಹುಡುಗಿ ಬಾಗಿಲ ಹತ್ತಿರ. ಅವಳ ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ. ಬೇಲಿಯಾಚೆ ಅಕ್ಕಪಕ್ಕದ ನಾಲ್ಕೈದು ಜನ. ಜೀಪಿನ ಸುದ್ದಿ ಊರಿಗೆ ಮುಟ್ಟಿತ್ತು.

"ಹೇಳಪ್ಪಾ," ಎಂದರು ಅವಳ ಅಪ್ಪ.

ನಾನು ಫಾರಂ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದರು. ಮೂಗಿನ ಸಾಲು. ಅಜ್ಜಿಯ ಸಾಲು. ಮುಖ ಅರಳುತ್ತಾ ಬಂತು.

"ಹತ್ತೊಂಬತ್ತಕ್ಕೆ ಹತ್ತೊಂಬತ್ತು ಹಳೇದಕ್ಕೇ. ನಾನ್ ಹೇಳ್ಲಿಲ್ವಾ!"

ಮಾವ ತಟ್ಟೆಗೆ ಕೈ ಹಾಕಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು.

"ಆದ್ರೆ ಏನು ಕೆಟ್ಟಿದೆ ಅಂತ ನೀನು ಬರೆದಿಲ್ವಲ್ಲ," ಎಂದರು ಅವಳ ಅಪ್ಪ. "ನೀನು ಹೇಳು. ಹೊಸ್ದ್ರಾಗೆ ಏನು ಕೆಟ್ಟೈತೆ?"

ಮಾವ ನನ್ನ ತೊಡೆಯನ್ನು ಒತ್ತಿದರು. ಹುಡುಗಿ ನನ್ನನ್ನೇ ನೋಡಿದಳು. ಈ ಸಲ ಕಿಟಕಿಯ ಕಡೆ ನೋಡಲಿಲ್ಲ.

"ಹೊಸದ್ರಲ್ಲಿ ಏನೂ ಕೆಟ್ಟಿಲ್ಲ ಸಾರ್. ಹಳೇದು ಜೋರಾಗಿ ತಿರುಗ್ತಿದೆ."

ಬೇಲಿಯಾಚೆಯವರು ಒಂದು ಹೆಜ್ಜೆ ಮುಂದೆ ಬಂದರು.

"ಎಷ್ಟು ಜೋರು?"

"ನೂರಕ್ಕೆ ಎಂಟು."

"ತೋರ್ಸು."

ಪ್ಲೇಯರಿನ ತಟ್ಟೆಯ ಅಂಚಿಗೆ ಒಂದು ಚೂರು ಬಿಳಿ ಕಾಗದ ಅಂಟಿಸಿ ತಿರುಗಲು ಬಿಟ್ಟೆ. ಕಾಗದ ಒಂದು ಸಲ ಮುಂದೆ ಬಂದರೆ ಒಂದು ಸುತ್ತು. ಒಂದು ನಿಮಿಷಕ್ಕೆ ಮೂವತ್ತಮೂರು ಎಣಿಸಿದರೆ ಅವರ ಪುಲ್ಲಿ ಸರಿ, ನಾನು ಮನೆಗೆ. ಗಡಿಯಾರ ಮಗಳ ಕೈಗೆ ಕೊಡು ಅಂದರು ಅವರು. ಎಣಿಸುವುದು ನಾನ್ಯಾಕೆ, ನೀನೇ ಎಣಿಸು, ಗಟ್ಟಿಯಾಗಿ ಎಣಿಸು ಅಂದರು.

"ಹೂಂ," ಎಂದಳು ಅವಳು.

ಒಂದು. ಎರಡು. ಮೂರು. ಹತ್ತರ ಹೊತ್ತಿಗೆ ಅವಳ ಅಮ್ಮನೂ ಎಣಿಸುತ್ತಿದ್ದರು. ಇಪ್ಪತ್ತಕ್ಕೆ ಬೇಲಿಯಾಚೆಯವರೂ ಸೇರಿಕೊಂಡರು. ಮೂವತ್ತಕ್ಕೆ ಮಾವ ಕಣ್ಣು ಮುಚ್ಚಿಕೊಂಡರು. ಮೂವತ್ತೊಂದು. ಮೂವತ್ತೆರಡು. ಮೂವತ್ತಮೂರಕ್ಕೆ ಅವಳ ಅಪ್ಪ ಕೈ ಎತ್ತಿ, "ಆಯ್ತಲ್ಲ!" ಅಂದರು.

"ಇನ್ನೂ ಐದು ಸೆಕೆಂಡ್ ಐತೆ ಅಪ್ಪಾ," ಎಂದಳು ಮಗಳು.

ಮೂವತ್ತನಾಲ್ಕು. ಮೂವತ್ತೈದು. ಮೂವತ್ತಾರು.

"ಆಯ್ತು, ನಿಲ್ಸು," ಎಂದಳು.

ಅವರು ಎದ್ದರು. ಹೊಲದ ಕಡೆಗಲ್ಲ, ಒಳಗೆ ಹೋದರು. ಮಾವ ಹಣ್ಣಿನ ತಟ್ಟೆಯನ್ನು ಮೆಲ್ಲಗೆ ಚೀಲದೊಳಗೆ ಸರಿಸಿದರು. ಅವಳ ಅಪ್ಪ ಮೈಕ್ರೋಮೀಟರು, ಹಳೆಯ ನೋಟ್‌ಬುಕ್ಕು, ಒಂದು ಬಿಸ್ಕತ್ತಿನ ಡಬ್ಬಿ ಹಿಡಿದು ಬಂದರು. ಪುಲ್ಲಿ ಬಿಚ್ಚಿ ಅಳೆದರು. ಹನ್ನೆರಡು ಪಾಯಿಂಟ್ ಒಂಬತ್ತು ಆರು ಮಿಲ್ಲಿಮೀಟರು. ನೋಟ್‌ಬುಕ್ಕು ತೆರೆದು ಬೆರಳಿಟ್ಟು ತೋರಿಸಿದರು. ಅಲ್ಲೂ ಅಷ್ಟೇ ಇತ್ತು.

"ಅಳತೆಗೆ ಸರಿಯಾಗೇ ಐತೆ."

"ಹೌದು ಸಾರ್. ಸೀಳಿದ ಹಳೇ ಪುಲ್ಲಿ ಇದೆಯಾ?"

ಟೂಲ್‌ರೂಮಿನವರು ಯಾವುದನ್ನೂ ಎಸೆಯುವುದಿಲ್ಲ. ಡಬ್ಬಿಯಲ್ಲಿತ್ತು. ಪ್ಲಾಸ್ಟಿಕ್ ಪುಲ್ಲಿ ಒಂದು ಕಡೆ ಸೀಳಿ ಬಾಯಿ ಬಿಟ್ಟಿತ್ತು. ಅವರು ಅದನ್ನು ಅಳೆದರು. ಹನ್ನೆರಡು ಪಾಯಿಂಟ್ ಒಂಬತ್ತು ಆರು. ನನ್ನ ಮುಖ ನೋಡಿದರು.

ನಾನು ಅದನ್ನು ಎರಡು ಬೆರಳಲ್ಲಿ ಹಿಡಿದು, ಸೀಳು ಕೂಡಿಕೊಳ್ಳುವ ಹಾಗೆ ಅದುಮಿ, ಅವರ ಮುಂದೆ ಹಿಡಿದೆ. ಅವರು ಮತ್ತೆ ಅಳೆದರು.

ಹನ್ನೆರಡು. ಪಾಯಿಂಟಿನ ಆಚೆ ಸೊನ್ನೆ.

ಬಾಯಿ ಬಿಟ್ಟ ಪುಲ್ಲಿಯನ್ನು ಅಳೆದು, ಅದೇ ಅಳತೆಗೆ ಒಂದು ಮೈಕ್ರಾನು ತಪ್ಪದೆ ಮಾಡಿದ್ದರು.

ಅವರು ಎರಡೂ ಪುಲ್ಲಿಗಳನ್ನು ಅಂಗೈಯಲ್ಲಿ ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ನಿಂಗೆ ಗೊತ್ತಿತ್ತಾ ಇದು?"

"ನಂಗೇನ್ ಗೊತ್ತು. ಅದು ಬಂದ್ ಹೊಸದ್ರಾಗೆ ಅನ್ನ ವಾರಾ ವಾರಾ ತಳ ಹಿಡೀತಿತ್ತು. ನೀವ್ ರಿಪೇರಿ ಮಾಡಿದ್ಮೇಲೆ ಸರಿಹೋಯ್ತು. ನಮ್ ಯಜಮಾನ್ರ ಕೈ ಒಳ್ಳೇದು ಅಂತ ಊರೆಲ್ಲಾ ಹೇಳ್ಕಂಡು ಬಂದಿದ್ದೆ."

ಬೇಲಿಯಾಚೆ ಯಾರೋ ನಕ್ಕರು. ಅವರು ನಗಲಿಲ್ಲ. ನನ್ನ ಫಾರಂ ತೆಗೆದುಕೊಂಡು, ದೋಷದ ಕೊನೆಯ ಸಾಲಿನಲ್ಲಿ ತಮ್ಮ ಕೈಯಿಂದಲೇ "ಪುಲ್ಲಿ" ಎಂದು ಬರೆದು ಸಹಿ ಹಾಕಿದರು. ಆಮೇಲೆ ನನ್ನ ಮಾವನಿಗೆ ಹೇಳಿದರು:

"ಮೂವತ್ತು ವರ್ಸದಾಗೆ ಈ ಜಗಲಿ ಮ್ಯಾಲೆ ಕುಂತು ಕೇಳ್ದೋರು ನೂರಾರು ಜನ. ಎಣಿಸ್ದೋನು ಇವನೊಬ್ನೇ. ಆ ತಟ್ಟೆ ಚೀಲದಿಂದ ಆಚೆ ತೆಗೀರಿ." ನನ್ನ ಕಡೆ ತಿರುಗಿ, "ನೀವ್ಯಾಕೆ ನಿಂತಿದೀರಿ, ಕುಂತ್ಕಳಿ," ಎಂದರು.

ಸೋಮವಾರವೇ ಹೊಸೂರಿಗೆ ಬಂದು ಗೆಳೆಯರೊಬ್ಬರ ಲೇತಿನಲ್ಲಿ ಹೊಸ ಪುಲ್ಲಿ ಮಾಡಿದರು. ಸರಿಯಾಗಿ ಹನ್ನೆರಡು. ಮುಂದಿನ ಭಾನುವಾರ ಪ್ಲೇಟು ಹಾಕಿದರು. ಎರಡನೇ ಹಾಡಿಗೆ ಪಕ್ಕದ ಮನೆಯವರು ಬಂದು, ಯಜಮಾನರಿಗೆ ಮೈಯಲ್ಲಿ ಹುಷಾರಿಲ್ಲವೇ ಎಂದು ವಿಚಾರಿಸಿದರು. ನಾಲ್ಕನೇ ಹಾಡಿಗೆ ಅಡುಗೆಮನೆಯಿಂದ ಸೀದ ವಾಸನೆ ಬಂತು. ಅವರು ಕೊನೆಯವರೆಗೂ ಕಣ್ಣು ಮುಚ್ಚಿ ಕೇಳಿದರಂತೆ.

"ಹೆಂಗೈತಪ್ಪಾ?" ಎಂದು ಮಗಳು ಕೇಳಿದಳು.

"ಸರಿಯಾಗೈತೆ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ನಿಧಾನ," ಅಂದರು.

ಕಾರ್ತೀಕದಲ್ಲಿ ಮದುವೆ. ಚಪ್ಪರದ ದಿನ ಅವರ ಮನೆಗೆ ಹೋದಾಗ ಜಗಲಿಯ ಮೇಲೆ ಪ್ಲೇಟು ತಿರುಗುತ್ತಿತ್ತು. ಹಾಡುವವನು ಜಗಳ ಆಡುತ್ತಿದ್ದ. ತಟ್ಟೆಯ ಅಂಚಿನಲ್ಲಿ ನಾನು ಅಂಟಿಸಿದ ಬಿಳಿ ಕಾಗದ ಹಾಗೇ ಇತ್ತು. ಯಾರೂ ನೋಡುತ್ತಿರಲಿಲ್ಲ. ಗಡಿಯಾರ ಹಿಡಿದು ಒಂದು ನಿಮಿಷ ಎಣಿಸಿದೆ.

ಮೂವತ್ತಾರು.